"ಕೆಂಪು ಸ್ಕೂಟರ್ ಪಕ್ಕದ ಕಪ್ಪು ಬೈಕ್" ಯಾವ್ದು ಅಂತ ಕಂಪ್ಯೂಟರ್‌ಗೆ ಕಲಿಸೋದು ಹೇಗೆ

ಫೋಟೋದಲ್ಲಿ ಬೈಕ್ ಇದ್ಯಾ ಇಲ್ವಾ ಅಂತ ಹೇಳೋ ಮಾಡೆಲ್‌ಗಳು ಬೇಕಾದಷ್ಟಿವೆ. ಇಲ್ಲಿ ಕೇಳ್ತಿರೋದು ಬೇರೆ: ಹತ್ತು ಬೈಕ್ ನಿಂತಿರೋ ಪಾರ್ಕಿಂಗ್‌ನಲ್ಲಿ ನಾವು ಹೇಳಿದ ಆ ಒಂದೇ ಒಂದರ ಸುತ್ತ ಬಾಕ್ಸ್ ಬೀಳ್ಬೇಕು.

ಮೊದಲೇ ಟ್ರೈನಿಂಗ್‌ಗೆ ಕೈ ಹಾಕ್ಬೇಡಿ. 2023ರಲ್ಲಿ ಬಂದ ಗ್ರೌಂಡಿಂಗ್ ಡೈನೋ (ಬರೆದು ಹೇಳಿದ್ದನ್ನ ಫೋಟೋದಲ್ಲಿ ಹುಡುಕಿ ಬಾಕ್ಸ್ ಹಾಕೋ ಮಾಡೆಲ್) ಹಗ್ಗಿಂಗ್ ಫೇಸ್ ಅನ್ನೋ ಮಾಡೆಲ್ ಹಂಚೋ ಸೈಟ್‌ನಲ್ಲಿ ಫ್ರೀಯಾಗೇ ಸಿಗತ್ತೆ, ಅದನ್ನ ಹಾಗೇ ಓಡಿಸಿ ನೋಡಿ. ಪ್ರಾಂಪ್ಟ್, ಅಂದ್ರೆ ಏನು ಹುಡುಕ್ಬೇಕು ಅಂತ ನಾವು ಬರೆಯೋ ಸಾಲು, ಇಂಗ್ಲಿಷ್ ಸಣ್ಣಕ್ಷರದಲ್ಲಿರ್ಲಿ, ಕೊನೇಲಿ ಒಂದು ಚುಕ್ಕಿ ಇಡೋದು ಮರೀಬೇಡಿ, ಬಾಕ್ಸ್ ತ್ರೆಶೋಲ್ಡ್ (ಎಷ್ಟು ಖಾತ್ರಿ ಇದ್ರೆ ಬಾಕ್ಸ್ ಹಾಕ್ಬೇಕು ಅನ್ನೋ ಮಿತಿ) 0.35ರಿಂದ ಶುರು ಮಾಡಿ. ಅದರೊಳಗೆ ಪದ ಓದೋದು ಬರ್ಟ್ ಅನ್ನೋ ಇಂಗ್ಲಿಷ್ ಭಾಷಾ ಮಾಡೆಲ್, ಕನ್ನಡ ಹಾಕಿದ್ರೆ ಪ್ರಯೋಜನ ಇಲ್ಲ, ಸದ್ಯಕ್ಕೆ ಇಂಗ್ಲಿಷ್‌ನಲ್ಲೇ ಬರೀರಿ. ಬೈಕ್‌ಗಳೆಲ್ಲಾ ಸಿಗತ್ತೆ, ಆದ್ರೆ "ಪಕ್ಕದ" ಅನ್ನೋದು ಅದರ ತಲೆಗೆ ಅಷ್ಟಾಗಿ ಹೋಗಲ್ಲ. ಫೈನ್‌ಟ್ಯೂನ್, ಅಂದ್ರೆ ಮೊದಲೇ ಕಲಿತಿರೋ ಮಾಡೆಲ್‌ಗೆ ನಮ್ಮ ಉದಾಹರಣೆ ಕೊಟ್ಟು ಇನ್ನಷ್ಟು ಕಲಿಸೋದು, ಬೇಕಾಗೋದು ಅಲ್ಲೇ.

ಅದಕ್ಕೆ ಡೇಟಾ ಬೇಕು: ಫೋಟೋ, ವಾಕ್ಯ, ಬಾಕ್ಸ್. ವಾಕ್ಯ ಬರೆಯೋದೇ ದೊಡ್ಡ ಕೆಲಸ ಕಣ್ರೀ. ಬಾಕ್ಸ್ ಮುಂದಿಟ್ಕೊಂಡು ಬರೆದೋರಿಗೆ ತಮ್ಮ ವಾಕ್ಯ ಯಾವಾಗ್ಲೂ ಸರಿಯಾಗೇ ಕಾಣತ್ತೆ, ಅದಕ್ಕೇ ಬಾಕ್ಸ್ ಮುಚ್ಚಿಟ್ಟು ಇನ್ನೊಬ್ಬರಿಗೆ ಓದೋಕೆ ಕೊಡಿ, ಅವರು ಕ್ಲಿಕ್ ಮಾಡಿದ್ದು ಅದೇ ಬೈಕ್ ಆದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ತಿದ್ದಿ ಬರೀರಿ. 2014ರ ರೆಫರ್‌ಇಟ್‌ಗೇಮ್ ಇದನ್ನೇ ಇಬ್ಬರು ಆಡೋ ಆಟ ಮಾಡಿತ್ತು, ರೆಫ್‌ಕೋಕೋ ಅನ್ನೋ ಇಂಥದ್ದೇ ಫೋಟೋ-ವಾಕ್ಯಗಳ ಡೇಟಾಸೆಟ್ ಕೂಡ ಹಾಗೇ ಕಲೆಹಾಕಿದ್ದು. ಅದರ ಜೊತೆಗಾರ ಡೇಟಾಸೆಟ್ ರೆಫ್‌ಕೋಕೋ ಪ್ಲಸ್‌ನಲ್ಲಂತೂ ಎಡ, ಬಲ ಅನ್ನೋ ಜಾಗದ ಪದಗಳನ್ನ ಬಳಸೋ ಹಾಗೇ ಇರ್ಲಿಲ್ಲ, ಬಣ್ಣ, ಆಕಾರ, ಬಟ್ಟೆ ನೋಡಿ ಹೇಳ್ಬೇಕು.

ನಾನು ಎರಡು ದಿನ ಹಾಳು ಮಾಡ್ಕೊಂಡಿದ್ದು ಈ ಎಡ-ಬಲದಿಂದ್ಲೇ. ಫೋಟೋಗಳು ಕಡಿಮೆ ಇದ್ವು ಅಂತ ಕನ್ನಡೀಲಿ ಕಂಡ ಹಾಗೆ ಫ್ಲಿಪ್ ಮಾಡೋ ಆಪ್ಷನ್ ಆನ್ ಮಾಡಿದ್ದೆ, ಫೋಟೋನೂ ತಿರುಗ್ತು ಬಾಕ್ಸೂ ತಿರುಗ್ತು, ವಾಕ್ಯದಲ್ಲಿ ಮಾತ್ರ "ಎಡಗಡೆ ಬೈಕ್" ಹಾಗೇ ಉಳೀತು, ಅರ್ಧ ಡೇಟಾ ಸುಳ್ಳು ಹೇಳ್ತಿತ್ತು. ಫ್ಲಿಪ್ ಆಫ್ ಮಾಡಿ, ಇಲ್ಲಾ ಪದಾನೂ ಬದಲಾಯಿಸಿ.

ಸರಿ-ತಪ್ಪು ಅಳೆಯೋಕೆ ಐಒಯು (IoU) ಅನ್ನೋ ಲೆಕ್ಕ: ಮಾಡೆಲ್ ಹಾಕಿದ ಬಾಕ್ಸು, ನಾವು ಗುರುತಿಸಿದ ಸರಿಯಾದ ಬಾಕ್ಸು, ಎರಡೂ ಒಂದರ ಮೇಲೊಂದು ಬರೋ ಜಾಗಾನ ಎರಡೂ ಸೇರಿ ಹಿಡಿದಿರೋ ಒಟ್ಟು ಜಾಗದಿಂದ ಭಾಗಿಸೋದು. 0.5 ದಾಟಿದ್ರೆ ಪಾಸ್. 100 ಪಿಕ್ಸೆಲ್ ಚೌಕದ ಬಾಕ್ಸ್ ಪಕ್ಕಕ್ಕೆ 30 ಪಿಕ್ಸೆಲ್ ಜರುಗಿದ್ರೆ 7000 ಭಾಗಿಸು 13000, ಅಂದ್ರೆ 0.54, ಬಚಾವ್. 50 ಜರುಗಿದ್ರೆ 0.33, ಫೇಲ್.

ಟೆಸ್ಟ್‌ನಲ್ಲಿ ಫೋಟೋದಲ್ಲಿ ಇಲ್ದೇ ಇರೋದನ್ನೂ ಕೇಳಿ. "ಹಳದಿ ಆಟೋ" ಅಂತ ನಾನು ಕೇಳಿದ್ದಕ್ಕೆ ಅದು ಆರಾಮಾಗಿ ಒಂದು ಕಸದ ಡಬ್ಬಿ ಸುತ್ತ ಬಾಕ್ಸ್ ಹಾಕ್ತು.