ಕೆಮಿಕಲ್ ಪಂಪ್ ಸೋತರೆ ಮೊದಲು ವೈರ್ ನೋಡಿ

ಮಳೆಗಾಲ ಮುಗಿದರೆ ಕರಾವಳಿ, ಮಲೆನಾಡಿನ ಕಡೆ ಪಾಚಿ ತೊಳೆಯುವವರಿಗೆ ಕೈತುಂಬ ಕೆಲಸ. ಟಾಟಾ ಏಸ್‌ನಂಥ ಗಾಡಿಯ ಹಿಂದೆ ನೀರಿನ ಟ್ಯಾಂಕ್, ಪೆಟ್ರೋಲ್ ಇಂಜಿನ್ನಿನ ಪ್ರೆಶರ್ ವಾಷರ್, ಪಕ್ಕದಲ್ಲಿ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರವ) ಕ್ಯಾನ್. ಈ ಹೈಪೋವನ್ನು ವಾಷರ್ ಪಂಪಿನೊಳಗೆ ಬಿಟ್ಟರೆ ಸೀಲು, ಹಿತ್ತಾಳೆ ಎರಡೂ ತಿಂದುಹೋಗುತ್ತವೆ. ಅದಕ್ಕೇ ಕೆಮಿಕಲ್‌ಗೆಂದು 12 ವೋಲ್ಟಿನ ಡಯಾಫ್ರಾಮ್ ಪಂಪ್ (ರಬ್ಬರಿನಂಥ ಪರದೆ ಆಡಿಸಿ ದ್ರವ ತಳ್ಳುವ ಸಣ್ಣ ಪಂಪ್) ಬೇರೆ ಇಡುತ್ತಾರೆ. ಅದಕ್ಕೆ ಕರೆಂಟ್ ಕೊಡುವುದು ಹೇಗೆ?

ಬರೀ ಸೋಪು ಹೊಡೆಯುವುದಾದರೆ ಈ ತಲೆನೋವೇ ಬೇಡ. ವಾಷರಿನ ಔಟ್‌ಲೆಟ್‌ಗೆ ಇಂಜೆಕ್ಟರ್ ಹಾಕಿದರೆ ನೀರಿನ ಓಟವೇ ಸೋಪನ್ನು ಎಳೆದುಕೊಳ್ಳುತ್ತದೆ. ಆದರೆ ಹೈಪೋವನ್ನೂ ಹೀಗೇ ಎಳೆದರೆ ಸುಮಾರು ಹತ್ತು ಪಾಲು ನೀರು ಬೆರೆತುಬಿಡುವುದರಿಂದ ಹಳೇ ಪಾಚಿಗೆ ಅದು ಸಾಲದು.

ಮೊದಲು ಪಂಪಿನ ಮೇಲಿನ ಲೇಬಲ್ ಓದಿ. 15 ಆಂಪ್ ಎಂದಿದೆ ಅಂದುಕೊಳ್ಳಿ. ದಿನಕ್ಕೆ ಒಟ್ಟು ಎರಡು ಗಂಟೆ ಓಡಿದರೆ 30 ಆಂಪ್-ಅವರ್ (ಆಂಪ್ ಗುಣಿಸು ಗಂಟೆ, ಬ್ಯಾಟರಿಯ ಅಳತೆ) ಬೇಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಆದ್ದರಿಂದ ಕನಿಷ್ಠ 60, ಸ್ವಲ್ಪ ಧಾರಾಳವಾಗಿ 80 ಆಂಪ್-ಅವರಿನ ಟ್ಯೂಬ್ಯುಲರ್ ಬ್ಯಾಟರಿ ತಗೊಳ್ಳಿ. ಗಾಡಿಯ ಬ್ಯಾಟರಿಯಿಂದಲೇ ಎಳೆಯೋಣ ಅನ್ನುವವರಿದ್ದಾರೆ. ಅದು ಸ್ಟಾರ್ಟ್ ಮಾಡಲಿಕ್ಕೆ ಇರುವ ಬ್ಯಾಟರಿ. ಸಂಜೆ ಕೆಲಸ ಮುಗಿಸಿ ಗಾಡಿ ತಳ್ಳಬೇಕಾದೀತು.

ಹೆಚ್ಚಿನವರು ಎಡವುವುದು ವೈರಿನಲ್ಲಿ. ಬ್ಯಾಟರಿಯಿಂದ ಪಂಪಿಗೆ 5 ಮೀಟರ್ ಇದ್ದರೆ ಹೋಗಿಬರಲು 10 ಮೀಟರ್ ತಾಮ್ರ. 2.5 ಸ್ಕ್ವೇರ್ ಎಂಎಂ ವೈರಿನಲ್ಲಿ 15 ಆಂಪ್ ಹರಿದರೆ ದಾರಿಯಲ್ಲೇ ಸುಮಾರು 1 ವೋಲ್ಟ್ ಹೋಯಿತು. 6 ಸ್ಕ್ವೇರ್ ಎಂಎಂ ಹಾಕಿದರೆ ಹೋಗುವುದು 0.4 ವೋಲ್ಟ್ ಅಷ್ಟೇ. ಮನೆ ವೈರಿಂಗ್‌ನಲ್ಲಿ 1 ವೋಲ್ಟ್ ಯಾರಿಗೂ ಗೊತ್ತಾಗುವುದಿಲ್ಲ. 12ರಲ್ಲಿ 1 ಹೋದರೆ ಪಂಪ್ ತಿಣುಕುತ್ತದೆ, ಮೊದಲ ಮಹಡಿ ಮುಟ್ಟುತ್ತಿದ್ದ ಧಾರೆ ಕಿಟಕಿ ಸಜ್ಜೆಯ ಕೆಳಗೇ ನಿಲ್ಲುತ್ತದೆ. ಆಗ ಸುಮ್ನೆ ಹೊಸ ಪಂಪ್ ತರಬೇಡಿ. ಪಂಪ್ ಓಡುತ್ತಿರುವಾಗಲೇ ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿ ಹತ್ತಿರ 12.4, ಪಂಪಿನ ಹತ್ತಿರ 11.2 ತೋರಿಸಿದರೆ ತಪ್ಪು ಪಂಪಿನದ್ದಲ್ಲ. ಆಫ್ ಮಾಡಿ ಒಂದೊಂದೇ ಜಾಯಿಂಟ್ ಮುಟ್ಟಿ ನೋಡಿ, ಯಾವುದು ಬಿಸಿಯಾಗಿದೆಯೋ ಅಲ್ಲೇ ಕಳ್ಳ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಹೈಪೋ ಹೊಗೆಗೆ ಬೇಗ ಹಸಿರುಗಟ್ಟುತ್ತದೆ. ವೈರ್ ತುದಿಗೆ ಲಗ್ (ಲೋಹದ ಟರ್ಮಿನಲ್) ಹಾಕಿ ಒತ್ತಿಸಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ) ಏರಿಸಿ. ನೆಗೆಟಿವ್‌ಗೆ ಗಾಡಿಯ ಬಾಡಿ ನೆಚ್ಚಿಕೊಳ್ಳಬೇಡಿ, ಬ್ಯಾಟರಿವರೆಗೆ ಪ್ರತ್ಯೇಕ ವೈರ್ ಎಳೆಯಿರಿ.

ಫ್ಯೂಸ್ 20 ಆಂಪಿನದು ಸಾಕು. ಅದು ಪಾಸಿಟಿವ್ ವೈರಿನಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಪಂಪಿನ ಹತ್ತಿರ ಹಾಕಿದರೆ ನಡುವೆ ವೈರ್ ಸವೆದು ಬಾಡಿಗೆ ತಾಗಿದಾಗ ಫ್ಯೂಸ್ ಕಾಪಾಡುವುದಿಲ್ಲ. ಸ್ವಿಚ್ ದೂರ ಬೇಕಿದ್ದರೆ 40 ಆಂಪ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸಾಧನ) ಇಡಿ, ಸ್ವಿಚ್ಚಿಗೆ ಸಣ್ಣ ವೈರ್ ಸಾಕು.

ಚಾರ್ಜಿಂಗ್‌ಗೆ ವಾಷರ್ ಇಂಜಿನ್ನಿನಲ್ಲಿರುವ ಚಾರ್ಜಿಂಗ್ ಕಾಯಿಲ್ ನಂಬಬೇಡಿ. ಎಷ್ಟೋ ಇಂಜಿನ್‌ಗಳಲ್ಲಿ ಅದು ಕೊಡುವುದು ಕೆಲವೇ ಆಂಪ್. ಗಾಡಿ ಸ್ಟಾರ್ಟ್ ಆಗಿ ವೋಲ್ಟೇಜ್ 13.3ರ ಆಸುಪಾಸಿಗೆ ಏರಿದಾಗ ಗಾಡಿಯದ್ದು, ಪಂಪಿನದ್ದು ಎರಡೂ ಬ್ಯಾಟರಿ ಜೋಡಿಸುವ, ಇಳಿದಾಗ ಬಿಡಿಸುವ ರಿಲೇ ಬರುತ್ತದೆ. ಆಟೋ ಎಲೆಕ್ಟ್ರಿಷಿಯನ್ ಕೂರಿಸಿಕೊಡುತ್ತಾರೆ. ಲಿಥಿಯಂ ಬ್ಯಾಟರಿಗಾದರೆ ಡಿಸಿ-ಡಿಸಿ ಚಾರ್ಜರ್ರೇ (ಗಾಡಿಯ ಕರೆಂಟನ್ನು ಅಳತೆ ಮೀರದಂತೆ ಬ್ಯಾಟರಿಗೆ ಕೊಡುವ ಚಾರ್ಜರ್) ಬೇಕು, ಇಲ್ಲದಿದ್ದರೆ ಅದು ಒಂದೇ ಸಮ ಎಳೆದು ಗಾಡಿಯಲ್ಲಿ ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರನ್ನು ಬಿಸಿ ಮಾಡುತ್ತದೆ. ರಾತ್ರಿ ಮನೆಯಲ್ಲಿ ಚಾರ್ಜರ್ ಹಾಕುವ ಅಭ್ಯಾಸವಿದ್ದರೆ ಇದ್ಯಾವುದೂ ಬೇಡ.

ಗನ್ ಮುಚ್ಚಿದಾಗ ಪಂಪ್ ಟಕ್ ಟಕ್ ಅಂತ ಆನ್ ಆಫ್ ಆಗುತ್ತಿದ್ದರೆ ಪ್ರೆಶರ್ ಸ್ವಿಚ್ ಬೇಗ ಸುಡುತ್ತದೆ. ಪಂಪಿನ ನಂತರ ಪುಟ್ಟ ಅಕ್ಯುಮುಲೇಟರ್ ಟ್ಯಾಂಕ್ (ಒತ್ತಡ ಹಿಡಿದಿಡುವ ಟ್ಯಾಂಕ್) ಹಾಕಿದರೆ ಸರಿಹೋಗುತ್ತದೆ.

ಬ್ಯಾಟರಿಯನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ, ಕ್ಯಾನ್‌ಗಳಿಂದ ಆದಷ್ಟು ದೂರ ಇಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಹೈಪೋ ಇರುವ ಗಾಡಿಗೇ ಏರಿಸಬೇಡಿ. ಎರಡೂ ಬೆರೆತರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮನೆಗೆ ಹೊರಡುವ ಮುಂಚೆ ಗನ್‌ನಿಂದ ಬರೀ ನೀರು ಬರುವವರೆಗೆ ಪಂಪಿನಲ್ಲಿ ನೀರು ಓಡಿಸಿ, ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ.