ಮೊನ್ನೆ ಅಂದರೆ ಯಾವತ್ತು?

ನಮ್ಮ ಲ್ಯಾಬಿನ ಗೋಡೆ ಮೇಲೆ ಅಡಿಕೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿರುತ್ತದೆ. ಡಿಸೆಂಬರ್‌ನಿಂದ ಮೇ ತನಕ, ಮಂಗನ ಕಾಯಿಲೆಯ ಸೀಸನ್ನಿನಲ್ಲಿ, ಮೈಕ್ರೋಸ್ಕೋಪಿಗಿಂತ ಅದನ್ನೇ ನಾನು ಜಾಸ್ತಿ ನೋಡುವುದು. ರಕ್ತ ತೆಗೆಯುವುದು ಎರಡು ನಿಮಿಷದ ಕೆಲಸ. ಜ್ವರ ಬಂದಿದ್ದು ಯಾವತ್ತು ಅಂತ ಸರಿಯಾಗಿ ತಿಳಿದುಕೊಳ್ಳುವುದಕ್ಕೆ ಕೆಲವು ಸಲ ಅರ್ಧ ಗಂಟೆ ಹಿಡಿಯುತ್ತದೆ.

"ಮೊನ್ನೆಯಿಂದ ಮೇಡಂ" ಅನ್ನುತ್ತಾರೆ. ನಮ್ಮ ಕಡೆ ಮೊನ್ನೆ ಅಂದರೆ ನಿನ್ನೆಯ ಹಿಂದಿನ ದಿನವೂ ಆಗಬಹುದು, ಹೋದ ತಿಂಗಳೂ ಆಗಬಹುದು. ಆ ಒಂದು ಪದಕ್ಕೆ ನಾನು ಒಮ್ಮೆ ಚೆನ್ನಾಗಿ ಮೋಸಹೋದೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ನಮ್ಮದು ಮಂಗನ ಕಾಯಿಲೆಯ ಸೀಮೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ಕೆಎಫ್‌ಡಿ, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ. ಕ್ಯಾಸನೂರು ಇರುವುದು ಸೊರಬ ತಾಲೂಕಿನಲ್ಲಿ. ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಜನರೂ ಜ್ವರದಿಂದ ಮಲಗಿದಾಗ, 1957ರಲ್ಲಿ ಪುಣೆಯ ವೈರಸ್ ರಿಸರ್ಚ್ ಸೆಂಟರಿನವರು ಬಂದು ವೈರಸ್ ಹಿಡಿದರು. ಮಂಗ ಸಾಯುತ್ತಿದೆ ಅಂದಕೂಡಲೇ ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇನೋ ಅಂತ ಮೊದಲು ಹೆದರಿದ್ದರಂತೆ. ನೋಡಿದರೆ ಅದು ರಷ್ಯಾ ಕಡೆ ಉಣುಗು (ರಕ್ತ ಹೀರುವ ಉಣ್ಣೆ ಹುಳ) ಹರಡುವ ಜ್ವರದ ವೈರಸ್ಸಿನ ನೆಂಟ. ವೈರಸ್ಸನ್ನು ನೇರವಾಗಿ ಹಿಡಿಯುವ ಪಿಸಿಆರ್ ಪರೀಕ್ಷೆ ಆಗ ಎಲ್ಲಿತ್ತು? ರೋಗಿಯ ರಕ್ತವನ್ನು ಇಲಿಮರಿಗಳಿಗೆ ಚುಚ್ಚಿ, ಅವು ಕಾಯಿಲೆ ಬೀಳುತ್ತವಾ ಅಂತ ದಿನಗಟ್ಟಲೆ ಕಾಯಬೇಕಿತ್ತು.

ಬಹಳ ವರ್ಷ ಇದು ಶಿವಮೊಗ್ಗ ಮತ್ತು ಅಕ್ಕಪಕ್ಕದ ಜಿಲ್ಲೆಗಳ ಕಾಯಿಲೆ ಅಂತಲೇ ಇತ್ತು. 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಅಂತ ಒಂದೊಂದೇ ಹೆಸರು ಸೇರುತ್ತಾ ಹೋಯಿತು. 2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಕಾಣಿಸಿಕೊಂಡಾಗ ಹಲವರು ತೀರಿಕೊಂಡರು. ಅದಾದ ಮೇಲೆ ನಮ್ಮ ಕಡೆ ಯಾರಿಗೆ ಮೈ ಬಿಸಿಯಾದರೂ ಮನೆಯವರ ಮುಖದಲ್ಲಿ ಅದೇ ಪ್ರಶ್ನೆ.

ಕಷ್ಟ ಏನಂದರೆ, ಮೊದಲ ದಿನಗಳಲ್ಲಿ ಮುಖ ನೋಡಿ ಹೇಳುವ ಕಾಯಿಲೆ ಇದಲ್ಲ. ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಕಾಲು ಮುರಿದಂತೆ ನೋವು, ಕಣ್ಣು ಕೆಂಪು. ಡೆಂಗ್ಯೂಗೂ ಹೆಚ್ಚುಕಡಿಮೆ ಇದೇ. ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣ ಕಮ್ಮಿ, ಪ್ಲೇಟ್‌ಲೆಟ್ ಕಮ್ಮಿ. ಅದೂ ಎರಡರಲ್ಲೂ ಒಂದೇ. ಪ್ಲೇಟ್‌ಲೆಟ್ ಕಮ್ಮಿ ಅಂದಕೂಡಲೇ ಡೆಂಗ್ಯೂ ಅಂತ ತೀರ್ಮಾನ ಮಾಡಿ ಪಪ್ಪಾಯಿ ಎಲೆ ಹುಡುಕಿಕೊಂಡು ಹೋಗುವವರನ್ನು ಎಷ್ಟು ಜನರನ್ನು ನೋಡಿಲ್ಲ!

ಹಾಗಾಗಿ ನಾವು ಕಾಲವನ್ನೂ ಕೆಲಸವನ್ನೂ ಕೇಳುತ್ತೇವೆ. ಮಳೆಗಾಲದಲ್ಲಿ ಗದ್ದೆ ಕೆಸರಿನಲ್ಲಿ ನಿಂತವರಿಗೆ ಜ್ವರ ಬಂದು ಕಣ್ಣು ಹಳದಿಯಾದರೆ ಇಲಿ ಜ್ವರ ನೆನಪಾಗಬೇಕು. ಮಳೆ ನಿಂತ ಮೇಲೆ ಹುಲ್ಲು ಪೊದೆಗಳಲ್ಲಿ ಓಡಾಡಿದವರಾದರೆ ಸ್ಕ್ರಬ್ ಟೈಫಸ್. ಅದಕ್ಕೆ ಮೈ ಮೇಲೆ ಬೀಡಿಯಲ್ಲಿ ಸುಟ್ಟಂಥ ಒಂದು ಕಪ್ಪು ಹಕ್ಕಳೆ ಇರಬಹುದು. ಕಂಕುಳು, ತೊಡೆಸಂದಿ, ಸೊಂಟದ ದಾರದ ಕೆಳಗೆ ಹುಡುಕಬೇಕು. ನಾಚಿಕೆಗೆ ಜನ ತೋರಿಸುವುದಿಲ್ಲ, ಅವಸರಕ್ಕೆ ನಾವು ನೋಡುವುದಿಲ್ಲ. ಒಂದು ಸಲ ನಮ್ಮ ಡಾಕ್ಟರು ಅಜ್ಜಿಯೊಬ್ಬರ ಎದೆಯ ಕೆಳಗಿನ ಮಡಿಕೆಯಲ್ಲಿ ಅದನ್ನು ಕಂಡುಹಿಡಿದರು. ಅಲ್ಲಿಯವರೆಗೆ ಮೂರು ಕಡೆ ತೋರಿಸಿ ಬಂದಿದ್ದ ಅಜ್ಜಿ. ಡಾಕ್ಸಿಸೈಕ್ಲಿನ್ ಶುರುಮಾಡಿ ಎರಡು ದಿನಕ್ಕೆ ಜ್ವರ ಇಳಿಯಿತು. ಮಂಗನ ಕಾಯಿಲೆಗೆ ಅಂಥ ಮಾತ್ರೆ ಇಲ್ಲ. ನೀರು, ಸಲೈನ್, ರಕ್ತಸ್ರಾವದ ಮೇಲೆ ಒಂದು ಕಣ್ಣು, ಅಷ್ಟೇ. ಅದಕ್ಕೇ ಯಾವುದು ಅಂತ ತಿಳಿಯುವುದು ಮುಖ್ಯ. ಮಾತ್ರೆ ಇರುವ ಕಾಯಿಲೆಯನ್ನು ಇಲ್ಲದ ಕಾಯಿಲೆ ಅಂತ ಬಿಟ್ಟುಬಿಟ್ಟರೆ ಆಗುವ ನಷ್ಟ ದೊಡ್ಡದು.

ಮಂಗನ ಕಾಯಿಲೆಗಾದರೆ ನಮ್ಮ ಪ್ರಶ್ನೆಗಳು ಬೇರೆ. ದರಕು, ಅಂದರೆ ಉದುರಿದ ಒಣ ಎಲೆ ಗುಡಿಸೋಕೆ ಹೋಗಿದ್ರಾ? ಸೌದೆಗೆ? ದನ ಹೊಡೆದುಕೊಂಡು ಕಾಡಿಗೆ? ಹತ್ತಿರದಲ್ಲಿ ಮಂಗ ಸತ್ತಿತ್ತಾ? ಉಣುಗು ಕಚ್ಚಿತ್ತಾ ಅಂತ ಕೇಳಿದರೆ ನಗುತ್ತಾರೆ. "ಉಣುಗು ಕಚ್ಚದ ದಿನ ಯಾವುದು ಮೇಡಂ?" ಅದೂ ಸರಿಯೇ. ಕಾಯಿಲೆ ಹರಡುವುದು ಹೆಚ್ಚಾಗಿ ಎಳ್ಳುಕಾಳಿನಷ್ಟಿರುವ ಮರಿ ಉಣುಗು. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ.

ಇನ್ನು ರಕ್ತದ ವಿಷಯ. ಜ್ವರದ ಮೊದಲ ದಿನಗಳಲ್ಲಿ ವೈರಸ್ ರಕ್ತದಲ್ಲೇ ಓಡಾಡುತ್ತಿರುತ್ತದೆ. ಅದರ ಆರ್‌ಎನ್‌ಎ (ವೈರಸ್ಸಿನ ವಂಶವಾಹಿ ವಸ್ತು) ಹಿಡಿಯುವುದು ಆರ್‌ಟಿ-ಪಿಸಿಆರ್. ನಾಲ್ಕೈದು ದಿನ ಕಳೆದ ಮೇಲೆ ಮೈ ತಯಾರಿಸಿದ ಐಜಿಎಂ ಪ್ರತಿಕಾಯ ಕಾಣಿಸತೊಡಗುತ್ತದೆ. ಅದನ್ನು ಹಿಡಿಯುವುದು ಎಲೈಸಾ. ದಿನ ಕಳೆದಂತೆ ವೈರಸ್ ಮಾಯವಾಗುತ್ತದೆ, ಐಜಿಎಂ ಉಳಿಯುತ್ತದೆ. ಅಂದರೆ ಫಾರಂನಲ್ಲಿ ನಾನು ಬರೆಯುವ ಜ್ವರದ ತಾರೀಖು ನೋಡಿಕೊಂಡೇ ಯಾವ ಟೆಸ್ಟ್ ಅಂತ ಶಿವಮೊಗ್ಗದ ವೈರಸ್ ಲ್ಯಾಬಿನಲ್ಲಿ ಕೂತವರು ನಿರ್ಧರಿಸುತ್ತಾರೆ. ಅಷ್ಟು ದುಬಾರಿ ಮಷೀನು ನನ್ನ ಬಾಲ್‌ಪೆನ್ನಿನ ಮೇಲೆ ನಿಂತಿದೆ.

ಶುರುವಿನಲ್ಲಿ ನಾನು ಮಾಡಿದ ತಪ್ಪು ಬೇರೆ ಥರದ್ದು. ರಕ್ತ ತೆಗೆದು ಟ್ಯೂಬನ್ನು ಹಾಗೇ ಐಸ್ ಬಾಕ್ಸಿಗೆ ಹಾಕಿ ಬಸ್ಸಿನಲ್ಲಿ ಕಳಿಸಿದ್ದೆ. ನಮ್ಮ ರಸ್ತೆ ನಿಮಗೆ ಗೊತ್ತಲ್ಲ. ಕುಲುಕಿ ಕುಲುಕಿ ರಕ್ತಕಣ ಒಡೆದು, ಮೇಲೆ ನಿಲ್ಲುವ ತಿಳಿ ಸೀರಂ ಎಲ್ಲ ಕೋಕಂ ಜ್ಯೂಸಿನ ಬಣ್ಣಕ್ಕೆ ತಿರುಗಿತ್ತು. ವಾಪಸ್ ಫೋನ್ ಬಂತು. ಅಂದಿನಿಂದ ಅರ್ಧ ಗಂಟೆ ಟ್ಯೂಬನ್ನು ಅಲ್ಲಾಡಿಸದೆ ಹೆಪ್ಪುಗಟ್ಟಲು ಬಿಡುತ್ತೇನೆ. ಆಮೇಲೆ ಸೆಂಟ್ರಿಫ್ಯೂಜ್, ಟ್ಯೂಬನ್ನು ಗಿರಗಿರ ತಿರುಗಿಸಿ ಸೀರಂ ಬೇರ್ಪಡಿಸುವ ಮಷೀನು. ಅದು ನಿಂತ ಕೂಡಲೇ ಮುಚ್ಚಳ ತೆಗೆಯುವುದಿಲ್ಲ. ಒಳಗೆ ಟ್ಯೂಬ್ ಸೋರಿದ್ದರೆ ಸಣ್ಣ ಹನಿಗಳು ಗಾಳಿಯಲ್ಲಿರುತ್ತವೆ, ಸ್ವಲ್ಪ ಹೊತ್ತು ಕಾಯಬೇಕು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ನಿಜ. ಆದರೆ ಹಿಂದೆ ಈ ವೈರಸ್ ಮೇಲೆ ಕೆಲಸ ಮಾಡುತ್ತಿದ್ದ ಲ್ಯಾಬಿನವರಿಗೇ ಬಂದ ಉದಾಹರಣೆಗಳಿವೆ. ನಂತರ ಸೀರಂ ಬೇರೆ ಟ್ಯೂಬಿಗೆ, ಅದು ಇನ್ನೊಂದು ಡಬ್ಬಿಗೆ, ಡಬ್ಬಿ ಐಸ್ ಪ್ಯಾಕ್ ಇರುವ ಬಾಕ್ಸಿಗೆ. ಮೂರು ಪದರ. ಫಾರಂ ಮಾತ್ರ ಹೊರಗೆ, ಪ್ಲಾಸ್ಟಿಕ್ ಕವರಿನಲ್ಲಿ. ಒಳಗಿಟ್ಟರೆ ಐಸ್ ನೀರಿಗೆ ಶಾಯಿ ಹರಡಿ ಹೆಸರೇ ಹೋಗುತ್ತದೆ. ಅದೂ ಆಗಿದೆ ಒಮ್ಮೆ!

ಈಗ ಮೋಸಹೋದ ಕತೆ. ಒಬ್ಬರು ಬಂದರು, ನಲವತ್ತರ ಆಸುಪಾಸು, ಅಡಿಕೆ ಕೊನೆಕೊಯ್ಲಿನ ಕೆಲಸದವರು. ಜ್ವರ, ವಾಂತಿ, ತಲೆ ಎತ್ತಲಾಗದಷ್ಟು ನೋವು. ಯಾವತ್ತಿಂದ? "ಮೊನ್ನೆಯಿಂದ." ನಾನು ಬೆರಳೆಣಿಸಿ ಎರಡು ದಿನ ಅಂತ ಬರೆದೆ. ಪಿಸಿಆರ್ ಮಾಡಿದರು. ನೆಗೆಟಿವ್ ಬಂತು. ಸದ್ಯ, ಮಂಗನ ಕಾಯಿಲೆ ಅಲ್ಲ ಅಂತ ನಾವೆಲ್ಲ ಉಸಿರು ಬಿಟ್ಟೆವು.

ಮೂರು ದಿನಕ್ಕೆ ಮತ್ತೆ ಕರೆತಂದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಆಂಬುಲೆನ್ಸ್ ಬರುವವರೆಗೆ ಅವರ ಹೆಂಡತಿ ನನ್ನ ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದರು. ಸುಮ್ನೆ ಮಾತಿಗೆ ಕೇಳಿದೆ, "ಇದಕ್ಕೂ ಮೊದಲು ಹುಷಾರಾಗಿದ್ರಾ ಅಕ್ಕ?"

"ಎಂತ ಹುಷಾರು? ಮಾರಿಹಬ್ಬದ ಮರುದಿನ ಮಲಗಿದವರು ಒಂದು ವಾರ ಎದ್ದಿಲ್ಲ. ಆಮೇಲೆ ಬಿಡ್ತು, ಕೆಲಸಕ್ಕೆ ಹೋದ್ರು. ಮೊನ್ನೆ ಮತ್ತೆ ಹಿಡೀತು."

ನಾನು ಕ್ಯಾಲೆಂಡರ್ ನೋಡಿದೆ. ಮೊದಲ ಸಲ ರಕ್ತ ತೆಗೆದ ದಿನಕ್ಕೆ ಆಗಲೇ ಹದಿನೇಳು ದಿನ ಆಗಿತ್ತು. ಈ ಕಾಯಿಲೆಯ ಗುಣವೇ ಹಾಗೆ. ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಬರುತ್ತದೆ. ಎರಡನೇ ಸಲ ತಲೆಗೆ, ನರಕ್ಕೆ ಏರುತ್ತದೆ. ಅವರು ಸುಳ್ಳು ಹೇಳಿರಲಿಲ್ಲ. ನಾನು ಯಾವ ಜ್ವರ ಅಂತ ಕೇಳಿರಲಿಲ್ಲ, ಅಷ್ಟೇ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಬೆಂಚಿನ ಮುಂದೆ ಮಾತ್ರ ಹೊಳೆಯಲಿಲ್ಲ. ಐಜಿಎಂಗೆ ಹೊಸ ಸ್ಯಾಂಪಲ್ ಹೋಯಿತು, ಪಾಸಿಟಿವ್. ಅವರು ಬದುಕಿದರು. ಕೈ ನಡುಕ ಮಾತ್ರ ಆ ಮಳೆಗಾಲ ಮುಗಿಯುವವರೆಗೂ ಇತ್ತು. ಕತ್ತಿ ಹಿಡಿದು ಅಡಿಕೆ ಸುಲಿಯೋಕೆ ಆಗುತ್ತಿಲ್ಲ ಅಂತ ಹೆಂಡತಿ ಹೇಳಿದಾಗ ನಾನು ಏನೂ ಮಾತಾಡಲಿಲ್ಲ.

ಈಗ ನಾನು ತಾರೀಖು ಕೇಳುವುದೇ ಇಲ್ಲ. ಹಬ್ಬ ಕೇಳುತ್ತೇನೆ. ಸಂತೆ ದಿನ ಹುಷಾರಾಗಿದ್ರಾ? ಅಮಾವಾಸ್ಯೆಗೆ? ಸಂಘದ ಮೀಟಿಂಗಿಗೆ ಹೋಗಿದ್ರಾ? ಜೊತೆಗೆ ಬಂದವರನ್ನೂ ಬೇರೆಯಾಗಿ ಕೇಳುತ್ತೇನೆ. ಕೊನೆಗೆ, ಈ ತಿಂಗಳಲ್ಲಿ ಇದಕ್ಕೂ ಮೊದಲು ಜ್ವರ ಬಂದಿತ್ತಾ ಅಂತ ಒಂದು ಸಲ. ಎರಡು ಜ್ವರ ಇದ್ದರೆ ಎರಡೂ ತಾರೀಖನ್ನು ಫಾರಂನಲ್ಲಿ ಬರೆದು, ಮೊದಲನೆಯದಕ್ಕೆ ಕೆಂಪು ಗೆರೆ ಎಳೆಯುತ್ತೇನೆ.

ಲಸಿಕೆಯ ಮಾತು ಬರದೆ ಈ ವಿಷಯ ಮುಗಿಯುವುದಿಲ್ಲ, ಜನ ಮೊದಲು ಕೇಳುವುದೇ ಅದನ್ನ. ಹಿಂದೆ ಇತ್ತು. ನಾನೂ ಹಾಕಿಸಿಕೊಂಡಿದ್ದೆ, ತೋಳು ಎರಡು ದಿನ ಉರಿದಿತ್ತು. ಪರಿಣಾಮ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಹೊಸದರ ಕೆಲಸ ನಡೆಯುತ್ತಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಫೋನ್ ಮಾಡಿ. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತಮುತ್ತ ಇರುತ್ತದೆ.

ಪುಣೆಯ ಎನ್‌ಐವಿ (ಹಿಂದಿನ ವೈರಸ್ ರಿಸರ್ಚ್ ಸೆಂಟರೇ) ಸೇರಿ ಮಾಡಿದ ಟ್ರೂನ್ಯಾಟ್ ಚಿಪ್, ಅಂದರೆ ಪುಟ್ಟ ಪಿಸಿಆರ್ ಮಷೀನಿಗೆ ಹಾಕುವ ಚಿಪ್, ಈ ಕಾಯಿಲೆಗೂ ಬಂದಿದೆ. ನಮ್ಮಲ್ಲಿ ಟಿಬಿಗೆ ಬಳಸುವಂಥದ್ದೇ ಪುಟ್ಟ ಪೆಟ್ಟಿಗೆ, ಬ್ಯಾಟರಿಯಲ್ಲಿ ಓಡುತ್ತದೆ. ಕರೆಂಟು ಹೋದರೂ ಪರವಾಗಿಲ್ಲ ಅನ್ನುವುದು ಮಲೆನಾಡಿನಲ್ಲಿ ಸಣ್ಣ ಮಾತಲ್ಲ. ಆದರೆ ಅದೂ ವೈರಸ್ಸಿನ ಆರ್‌ಎನ್‌ಎಯನ್ನೇ ಹುಡುಕುವುದು. ಹದಿನೇಳನೇ ದಿನದ ರಕ್ತ ಹಾಕಿದರೆ ಅದೇನು ಹೇಳೀತು?

ನಮ್ಮ ಆಶಾ ಕಾರ್ಯಕರ್ತೆಯೊಬ್ಬರು ಈಗ ಜ್ವರದವರನ್ನು ಕಳಿಸುವಾಗ ಚೀಟಿ ಬರೆದು ಕೊಡುತ್ತಾರೆ. ನಾನೇ ಕೇಳಿಕೊಂಡಿದ್ದು. ಹೋದ ವಾರ ಬಂದ ಚೀಟಿಯಲ್ಲಿ ಹೀಗಿತ್ತು: "ಜ್ವರ ಒಂದು: ದೊಡ್ಡ ದನ ಕರು ಹಾಕಿದ ದಿನ ಸಂಜೆ. ಜ್ವರ ಎರಡು: ಇಲ್ಲ." ದನ ಕರು ಹಾಕಿದ್ದು ಯಾವತ್ತು ಅಂತ ಹಾಲಿನ ಡೈರಿಗೆ ಫೋನ್ ಮಾಡಿ ಕೇಳಿದೆ. ಐದನೇ ದಿನ. ಎರಡೂ ಟೆಸ್ಟ್ ಮಾಡಿ ಅಂತ ಬರೆದು ಬಾಕ್ಸ್ ಮುಚ್ಚಿದೆ.