ಅಪಾಯಿಂಟ್‌ಮೆಂಟ್ ಅಪ್ಪನದು, ಮೇಲ್ ಮಗನಿಗೆ

"ಮೇಲ್ ಕಳಿಸ್ತೀರಾ? ನಮ್ಮ ಊರಾಗ ಅದನ್ನ ಯಾರ್ ನೋಡ್ತಾರ್ರೀ ಮೇಡಂ?"

ಪೇಷಂಟುಗಳಿಗೆ ಇಮೇಲ್‌ನಲ್ಲಿ ನೆನಪಿಸುವ ವ್ಯವಸ್ಥೆ ಮಾಡ್ತೀನಿ ಅಂದಾಗ ನನ್ನ ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿ ಕೇಳಿದ್ದು ಇದನ್ನೇ. ಪ್ರಶ್ನೆ ತಪ್ಪೇನಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಬರುವವರಲ್ಲಿ ಬಹಳ ಜನ ಅರವತ್ತು ದಾಟಿದವರು. ಮೊಣಕಾಲಿನ ಆಪರೇಷನ್ ಆದವರು, ಸೊಂಟ ಹಿಡಿದವರು, ಕೈ ಮೇಲೆತ್ತಲು ಆಗದವರು, ಲಕ್ವಾ ಹೊಡೆದು ಈಗ ನಿಧಾನಕ್ಕೆ ಸುಧಾರಿಸಿಕೊಳ್ಳುತ್ತಿರುವವರು. ಇವರಲ್ಲಿ ಮೇಲ್ ತೆಗೆದು ಓದುವವರು ಬೆರಳೆಣಿಕೆಯಷ್ಟು.

ಆದರೆ ಅವರ ಮಕ್ಕಳು ಓದ್ತಾರೆ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ಬೆಳಗಾವಿಯ ಎಷ್ಟೋ ಮನೆಗಳ ಕಥೆ ಇದು, ಅಲ್ವಾ? ಅಪ್ಪನಿಗೆ ಟೈಮ್ ಕೇಳಿ ಫೋನ್ ಮಾಡುವವರೂ ಅವರೇ, ಫೋನ್‌ಪೇ ಮಾಡುವವರೂ ಅವರೇ. ದಿನವಿಡೀ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ. ನಾನು ಮೇಲ್ ಕಳಿಸುವುದು ಅವರಿಗೆ. ಅದನ್ನು ನೋಡಿ ಅವರು ಮನೆಗೆ ಫೋನ್ ಹಚ್ಚುತ್ತಾರೆ: "ಅಪ್ಪಾ, ನಾಳೆ ಹನ್ನೊಂದಕ್ಕ ಫಿಸಿಯೋಕ್ಕ ಹೋಗೂದೈತಿ, ಆಟೋದವಂಗ ಹೇಳೀಯೇನು?" ನಾವು ಎಷ್ಟು ಸಲ ಹೇಳಿದರೂ ಆಗದ ಕೆಲಸ ಮಗಳ ಒಂದು ಫೋನಿಗೆ ಆಗುತ್ತದೆ. ಇದು ಹೊಳೆದ ಮೇಲೆ ನನಗೆ ಮೇಲ್ ಬಗ್ಗೆ ಅನುಮಾನ ಉಳಿಯಲಿಲ್ಲ.

ಅಪಾಯಿಂಟ್‌ಮೆಂಟ್ ತಪ್ಪಿದರೆ ನಷ್ಟ ಎಲ್ಲಿ ಅಂತ ಹೊರಗಿನವರಿಗೆ ಬೇಗ ಗೊತ್ತಾಗುವುದಿಲ್ಲ. ಒಂದು ಸಿಟ್ಟಿಂಗ್ ಅಂದರೆ ಮುಕ್ಕಾಲು ಗಂಟೆ. ಆ ಹೊತ್ತಿಗೆ ಟೇಬಲ್ ಖಾಲಿ, ಮಷೀನ್ ಖಾಲಿ, ನನ್ನ ಕೈಯೂ ಖಾಲಿ. ಬಾಡಿಗೆ, ಕರೆಂಟ್ ಬಿಲ್, ಸಂಬಳ ಮಾತ್ರ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಬರ್ತೀನಿ ಅಂದಿದ್ದ ಇನ್ನೊಬ್ಬರಿಗೆ "ಟೈಮ್ ಇಲ್ರೀ" ಅಂತ ಹೇಳಿ ಕಳಿಸಿರುತ್ತೇವೆ. ಅದೇ ಜಾಸ್ತಿ ಹೊಟ್ಟೆ ಉರಿಸುವುದು. ಪೇಷಂಟಿಗೂ ಒಳ್ಳೆಯದಲ್ಲ. ಮೊಣಕಾಲು ಬದಲಾಯಿಸಿದ ಮೇಲೆ ಮೊದಲ ಕೆಲವು ವಾರ ಬಹಳ ಮುಖ್ಯ. ಆಗ ವ್ಯಾಯಾಮ ತಪ್ಪಿಸಿದರೆ ಕಾಲು ಮಡಚುವುದು ಕಷ್ಟವಾಗುತ್ತಾ ಹೋಗುತ್ತದೆ, ಆಮೇಲೆ ಅದನ್ನು ಸಡಿಲ ಮಾಡುವಾಗ ನೋವೂ ಜಾಸ್ತಿ.

ಬರದವರನ್ನು ಯಾಕೆ ಬರಲಿಲ್ಲ ಅಂತ ಕೇಳುತ್ತಾ ಹೋದೆ. ಕೆಲವರು ನಿಜವಾಗಿಯೂ ಮರೆತಿರುತ್ತಾರೆ. "ಇವತ್ತ ಮಂಗಳವಾರೇನ್ರೀ? ನಾ ಸೋಮವಾರ ಅಂತ ತಿಳ್ಕೊಂಡಿದ್ನಿ." ನಿವೃತ್ತರಿಗೆ ವಾರದ ದಿನಗಳೆಲ್ಲ ಒಂದೇ ಥರ ಕಾಣುತ್ತವೆ. ಇನ್ನು ಕೆಲವರಿಗೆ ನೆನಪಿರುತ್ತದೆ, ಕರೆದುಕೊಂಡು ಬರುವವರು ಇರುವುದಿಲ್ಲ. ಮೂರನೆಯ ಗುಂಪು ನನಗೆ ಆಶ್ಚರ್ಯ ತಂದಿತು: ಬರಲ್ಲ ಅಂತ ಹೇಳೋಕೆ ಸಂಕೋಚಪಡುವವರು. ಮೊನ್ನೆಯೂ ತಪ್ಪಿಸಿದ್ದೆ, ಇವತ್ತೂ ಆಗಲ್ಲ ಅಂದರೆ ಮೇಡಂ ಬೈತಾರೆ, ಸುಮ್ನೆ ಫೋನೇ ಎತ್ತಬಾರದು ಅಂತ ಕೂತುಬಿಡುತ್ತಾರೆ. ಇವರಿಗೆ ಬೇಕಾದದ್ದು ಬರೀ ನೆನಪಲ್ಲ, ಮುಖ ಕೊಡದೆ "ಬರಲ್ಲ" ಅನ್ನಲು ಒಂದು ದಾರಿ.

ಎಸ್‌ಎಂಎಸ್ ಯಾಕಲ್ಲ, ವಾಟ್ಸಾಪ್ ಯಾಕಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ದೇಶದಲ್ಲಿ ವ್ಯಾಪಾರದ ಹೆಸರಿನಲ್ಲಿ ಒಟ್ಟಿಗೆ ಬಹಳ ಜನರಿಗೆ ಎಸ್‌ಎಂಎಸ್ ಕಳಿಸಬೇಕಾದರೆ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ದಾಖಲಿಸಬೇಕು. ಕಳಿಸುವವರ ಹೆಸರೂ, ಮೆಸೇಜಿನ ಒಕ್ಕಣೆಯೂ ಮೊದಲೇ ಮಂಜೂರಾಗಬೇಕು. ವಾಟ್ಸಾಪ್ ಬಿಸಿನೆಸ್ ಆ್ಯಪ್ ಪುಕ್ಕಟೆಯೇ, ಆದರೆ ಪಟ್ಟಿ ನೋಡಿಕೊಂಡು ತಾನಾಗಿಯೇ ಹೊತ್ತಿಗೆ ಸರಿಯಾಗಿ ಮೆಸೇಜ್ ಕಳಿಸಬೇಕು ಅಂದರೆ ಪ್ರೋಗ್ರಾಂ ಮೂಲಕ ಮೆಸೇಜ್ ಕಳಿಸಲು ಬಿಡುವ ಎಪಿಐ ಅನ್ನುವ ಸೌಲಭ್ಯ ತಗೊಳ್ಳಬೇಕು, ಅದಕ್ಕೆ ದುಡ್ಡು ಬೀಳುತ್ತದೆ. ದೊಡ್ಡ ಆಸ್ಪತ್ರೆಗೆ ಇದು ಲೆಕ್ಕಕ್ಕಿಲ್ಲ. ಒಂದೇ ಕೋಣೆಯ ಕ್ಲಿನಿಕ್ಕಿಗೆ ಯಾಕೆ ಆ ರಗಳೆ? ಮೇಲ್ ಇಲ್ಲದ ಮನೆಗಳಿಗೆ ಈಗಲೂ ರಿಸೆಪ್ಷನ್ ಹುಡುಗಿ ಸಂಜೆ ಕೂತು ಫೋನ್ ಮಾಡುತ್ತಾಳೆ. ಆ ಪಟ್ಟಿ ಈಗ ಚಿಕ್ಕದಾಗಿದೆ, ಅಷ್ಟೇ.

ವ್ಯವಸ್ಥೆ ಬಹಳ ಸರಳ. ಗೂಗಲ್ ಶೀಟ್‌ನಲ್ಲಿ ಒಂದು ಪಟ್ಟಿ: ಪೇಷಂಟಿನ ಹೆಸರು, ದಿನ, ಹೊತ್ತು, ಯಾರ ಮೇಲ್, ಅವರು ಏನಾಗಬೇಕು, ಯಾವ ಭಾಷೆ, ಕೊನೆಗೆ "ಕಳಿಸಿದ್ದಾಯ್ತು" ಅನ್ನುವ ಕಾಲಂ. ಶೀಟ್‌ನ ಒಳಗೇ ಆ್ಯಪ್ಸ್ ಸ್ಕ್ರಿಪ್ಟ್ ಅನ್ನುವ ಸೌಲಭ್ಯ ಇದೆ. ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ ಅದರಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟ. ದಿನಾ ಸಂಜೆ ಅದು ಪಟ್ಟಿ ನೋಡುತ್ತದೆ, ನಾಡಿದ್ದು ಯಾರ ಸರದಿ ಇದೆಯೋ ಅವರ ಮನೆಯವರಿಗೆ ಮೇಲ್ ಹಾಕುತ್ತದೆ, ಹಾಕಿದ ಮೇಲೆ ಕೊನೆಯ ಕಾಲಂನಲ್ಲಿ ಗುರುತು ಮಾಡುತ್ತದೆ. ಆ ಗುರುತು ಬೇಕೇ ಬೇಕು, ಇಲ್ಲದಿದ್ದರೆ ಒಬ್ಬರಿಗೇ ಎರಡೆರಡು ಮೇಲ್ ಹೋದೀತು.

ನೀವೂ ಮಾಡುವುದಾದರೆ ಕೆಲವು ವಿಷಯ ಮೊದಲೇ ನೋಡಿಕೊಳ್ಳಿ. ಪುಕ್ಕಟೆ ಜಿಮೇಲ್ ಖಾತೆಯಿಂದ ಹೀಗೆ ಸ್ಕ್ರಿಪ್ಟ್ ಮೂಲಕ ದಿನಕ್ಕೆ 100 ವಿಳಾಸಕ್ಕೆ ಮಾತ್ರ ಮೇಲ್ ಹೋಗುತ್ತದೆ. ಒಂದೇ ಮೇಲನ್ನು ಮಗ, ಮಗಳು ಇಬ್ಬರಿಗೂ ಕಳಿಸಿದರೆ ಅದು ಎರಡು ಅಂತ ಲೆಕ್ಕ. ನನಗೆ ಇದು ಧಾರಾಳ. ಸಂಜೆ 6ರಿಂದ 7 ಅಂತ ಹೊತ್ತು ಇಟ್ಟರೆ ಆ ಒಂದು ಗಂಟೆಯೊಳಗೆ ಯಾವಾಗಲೋ ಹೋಗುತ್ತದೆ, ಸರಿಯಾಗಿ ಆರಕ್ಕೇ ಹೋಗಲಿ ಅಂತ ಹಟ ಮಾಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಭಾರತದ ಸಮಯ ಇದೆಯಾ ಅಂತ ಒಮ್ಮೆ ನೋಡಿ. ಎಲ್ಲಕ್ಕಿಂತ ಮುಖ್ಯ ತಾರೀಕು. ಶೀಟ್ ಅಮೆರಿಕದ ಪದ್ಧತಿಯಲ್ಲಿದ್ದರೆ 05/08 ಅಂತ ಬರೆದದ್ದು ಆಗಸ್ಟ್ 5ರ ಬದಲು ಮೇ 8 ಆಗಿ ಕೂರುತ್ತದೆ. ಮೇಲ್ ಹೋಗುವುದೇ ಇಲ್ಲ, ಯಾಕೆ ಹೋಗಲಿಲ್ಲ ಅಂತ ಗೊತ್ತೂ ಆಗುವುದಿಲ್ಲ. ನಾವು ತಾರೀಕು ಟೈಪ್ ಮಾಡುವುದನ್ನೇ ಬಿಟ್ಟು, ಕ್ಯಾಲೆಂಡರ್ ತೆರೆದು ಒತ್ತುವ ಹಾಗೆ ಮಾಡಿದ್ದೇವೆ.

ಕ್ಲಿನಿಕ್ಕಿನದೇ ಹೆಸರಿನ ಡೊಮೇನ್‌ನಿಂದ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಮೇಲ್ ಕಳಿಸುವವರು, ಮೇಲ್ ನಿಜವಾಗಿಯೂ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕಿಮ್ ಅನ್ನುವ ಎರಡು ದಾಖಲೆಗಳನ್ನು ಡೊಮೇನ್ ಕೊಟ್ಟವರ ಹತ್ತಿರ ಕೇಳಿ ಹಾಕಿಸಿಕೊಳ್ಳಿ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಅವು ಇಲ್ಲದಿದ್ದರೆ ನಿಮ್ಮ ಮೇಲ್ ಸ್ಪ್ಯಾಮ್ ಸೇರಬಹುದು, ವಾಪಸ್ಸೂ ಬರಬಹುದು. ಮೇಲಿನಲ್ಲಿ ಹಬ್ಬದ ಆಫರು, ದೊಡ್ಡ ಬ್ಯಾನರು ತುರುಕಬೇಡಿ. ಬರೀ ಅಕ್ಷರ ಇರುವ ಸಾದಾ ಮೇಲ್ ಸಾಕು.

ಮೇಲ್ ವಿಳಾಸ ತಪ್ಪಾಗಿ ಬರೆದುಕೊಳ್ಳುವುದೇ ದೊಡ್ಡ ತೊಂದರೆ. ಅಜ್ಜಿ ಚೀಟಿಯಲ್ಲಿ ಬರೆಸಿಕೊಂಡು ಬಂದ ವಿಳಾಸದಲ್ಲಿ ಚುಕ್ಕಿ ಎಲ್ಲಿ, ಸೊನ್ನೆ ಯಾವುದು, ಓ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ಕೌಂಟರಿನಲ್ಲೇ ಅವರ ಮಗನಿಗೆ ಫೋನ್ ಮಾಡಿ, "ಒಂದು ಮೇಲ್ ಹಾಕಿದ್ದೇವೆ, ಬಂತಾ ನೋಡಿ, ಬಂದಿದ್ದರೆ ಓಕೆ ಅಂತ ಉತ್ತರ ಕೊಡಿ" ಅನ್ನುತ್ತೇವೆ. ವಿಳಾಸ ಸರಿಯಿದೆ ಅಂತ ಗೊತ್ತಾಗುತ್ತದೆ, ಆಮೇಲಿನ ಮೇಲುಗಳು ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆಯೂ ಕಡಿಮೆ. ಮೇಲ್ ಕಳಿಸಲು ಒಪ್ಪಿಗೆ ಕೇಳುವುದೂ ಆಗಲೇ. ಪೇಷಂಟಿನದೂ ಬೇಕು, ಮಗನದೂ ಬೇಕು. ಒಬ್ಬ ಅಜ್ಜ, "ಮಗಗ ಬ್ಯಾಡ್ರಿ, ಸುಮ್ನ ಚಿಂತಿ ಮಾಡ್ತಾನು, ಅಳಿಯಗ ಹಾಕ್ರಿ" ಅಂದರು. ಅಳಿಯನಿಗೇ ಹಾಕುತ್ತೇವೆ.

ಇನ್ನು ಒಕ್ಕಣೆ. ನಾನು ಅತಿ ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಇದಕ್ಕೆ. ಈಗ ಹೋಗುವ ಮೇಲ್ ಹೀಗಿದೆ. ವಿಷಯದ ಸಾಲಿನಲ್ಲಿ: "ಗುರುವಾರ 14ನೇ ತಾರೀಕು, ಬೆಳಗ್ಗೆ 11 ಗಂಟೆ, ಟಿಳಕವಾಡಿ ಕ್ಲಿನಿಕ್." ಒಳಗೆ: "ನಮಸ್ಕಾರ. ನಿಮ್ಮ ತಂದೆಯವರಿಗೆ ಗುರುವಾರ 14ನೇ ತಾರೀಕು ಬೆಳಗ್ಗೆ 11ಕ್ಕೆ ಸಮಯ ಇಟ್ಟಿದ್ದೇವೆ. ಧೋತರದ ಬದಲು ಸಡಿಲ ಪೈಜಾಮ ಹಾಕಿಕೊಂಡು ಬರಲು ಹೇಳಿ. ಬರಲು ಆಗದಿದ್ದರೆ ಕೆಳಗಿನ ಲಿಂಕ್ ಒತ್ತಿ ತಿಳಿಸಿ. ಕಾರಣ ಹೇಳಬೇಕಾಗಿಲ್ಲ." ಅಷ್ಟೇ.

ದಿನ, ಹೊತ್ತು ವಿಷಯದ ಸಾಲಿನಲ್ಲೇ ಇರುವುದರಿಂದ ಮೇಲ್ ತೆರೆಯದಿದ್ದರೂ ಕೆಲಸ ಆಗುತ್ತದೆ. ಫೋನಿನ ಮೇಲ್ಗಡೆ ನೋಟಿಫಿಕೇಶನ್ ಬಂದಾಗಲೇ ಕಣ್ಣಿಗೆ ಬೀಳುತ್ತದೆ. "ನಾಳೆ", "ನಾಡಿದ್ದು" ಅಂತ ನಾನು ಬರೆಯುವುದೇ ಇಲ್ಲ. ಬುಧವಾರದ ಮೇಲನ್ನು ಗುರುವಾರ ತೆರೆದವರಿಗೆ "ನಾಳೆ" ಅಂದರೆ ಶುಕ್ರವಾರ ತಾನೇ? ಕಾಯಿಲೆಯ ಹೆಸರೂ ಇರುವುದಿಲ್ಲ. ಮಗ ಆಫೀಸಿನ ಮೀಟಿಂಗಿನಲ್ಲಿ ದೊಡ್ಡ ಪರದೆ ಹಾಕಿಕೊಂಡಿರುತ್ತಾನೆ, ಅಪ್ಪನ ಲಕ್ವಾ ವಿಷಯ ಎಲ್ಲರ ಮುಂದೆ ಮೂಡಬಾರದು. ಭಾಷೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇವೆ, ಮೊದಲ ದಿನವೇ ಕೇಳಿ ಬರೆದುಕೊಳ್ಳುತ್ತೇವೆ. ಬೆಳಗಾವಿಯಲ್ಲಿ ಮುಖ ನೋಡಿ ಭಾಷೆ ಊಹಿಸುವ ಕೆಲಸಕ್ಕೆ ಕೈ ಹಾಕಬಾರದು.

"ಕಾರಣ ಹೇಳಬೇಕಾಗಿಲ್ಲ" ಅನ್ನುವ ಸಾಲು ಬಂದ ಮೇಲೆ ಬರಲ್ಲ ಅನ್ನುವ ಉತ್ತರಗಳು ಜಾಸ್ತಿಯಾದವು. ಇದು ನನಗೆ ಬೇಕಾದದ್ದೇ. ಎರಡು ದಿನ ಮೊದಲು ಬರಲ್ಲ ಅಂದವರು ನನಗೆ ಉಪಕಾರ ಮಾಡಿದ ಹಾಗೆ, ಆ ಹೊತ್ತನ್ನು ಬೇರೆಯವರಿಗೆ ಕೊಡಬಹುದು. ಆ ಲಿಂಕ್ ಒಂದು ಗೂಗಲ್ ಫಾರ್ಮ್. ಪೇಷಂಟಿನ ನಂಬರ್ ಮೊದಲೇ ತುಂಬಿರುತ್ತದೆ. "ಬರ್ತಾರೆ", "ಬರಲ್ಲ", "ಬೇರೆ ದಿನ ಬೇಕು", ಒಂದನ್ನು ಆರಿಸಿ ಸಬ್ಮಿಟ್ ಒತ್ತಬೇಕು. ಒಂದೇ ಒತ್ತಿಗೆ ಅಪಾಯಿಂಟ್‌ಮೆಂಟ್ ರದ್ದಾಗುವ ಲಿಂಕ್ ಇಡೋಣ ಅಂತ ತಂಗಿಯ ಮಗ ಅಂದಿದ್ದ. ನಾನು ಒಪ್ಪಲಿಲ್ಲ. ಕೆಲವು ಕಂಪನಿಗಳ ಮೇಲ್ ವ್ಯವಸ್ಥೆ ಒಳಗೆ ಬರುವ ಲಿಂಕುಗಳನ್ನು ಸುರಕ್ಷತೆಗೆಂದು ತಾನೇ ತೆರೆದು ಪರೀಕ್ಷಿಸುತ್ತದೆ. ಮನುಷ್ಯರು ಮುಟ್ಟದೆಯೇ ಅಪ್ಪನ ಸಮಯ ರದ್ದಾದರೆ ಏನು ಗತಿ? ಎರಡು ಸಲ ಒತ್ತುವುದು ಯಾರಿಗೂ ಭಾರವಲ್ಲ.

ಎರಡು ದಿನ ಮೊದಲೇ ಯಾಕೆ ಅಂದರೆ, ನಮ್ಮಲ್ಲಿಗೆ ಊರೊಳಗಿನವರಷ್ಟೇ ಬರುವುದಿಲ್ಲ. ಖಾನಾಪುರ, ಬೈಲಹೊಂಗಲ, ಗೋಕಾಕದಿಂದ ಬಸ್ಸಿಗೆ ಬರುವವರಿದ್ದಾರೆ. ಜೊತೆಗೆ ಬರುವವರು ಕೆಲಸಕ್ಕೆ ರಜೆ ಹಾಕಬೇಕು. ಹಿಂದಿನ ರಾತ್ರಿ ನೆನಪಿಸಿದರೆ ಅದಕ್ಕೆಲ್ಲ ಹೊತ್ತೆಲ್ಲಿ? ಊರೊಳಗಿನ ಅನಗೋಳ, ಶಹಾಪುರ, ವಡಗಾವಿಯವರಿಗೆ ಅದೇ ದಿನ ಬೆಳಗ್ಗೆ ಇನ್ನೊಂದು ಚುಟುಕು ಮೇಲ್ ಹೋಗುತ್ತದೆ. ಮೂರನೆಯದು ಯಾರಿಗೂ ಕಳಿಸುವುದಿಲ್ಲ. ಜಾಸ್ತಿ ಕಳಿಸಿದಷ್ಟೂ ಜನ ನೋಡದೆ ಬಿಡುತ್ತಾರೆ.

ಯಾವ ಮೇಲ್ ಕಳಿಸಿದರೂ ಪ್ರಯೋಜನವಿಲ್ಲದ ದಿನಗಳೂ ಇವೆ. ಅಮಾವಾಸ್ಯೆ ದಿನ ಹೊಸದಾಗಿ ಚಿಕಿತ್ಸೆ ಶುರು ಮಾಡಲು ಬಹಳ ಜನ ಒಪ್ಪುವುದಿಲ್ಲ. ನವೆಂಬರ್ 1ರಂದು ರಾಜ್ಯೋತ್ಸವದ ಮೆರವಣಿಗೆ, ಚನ್ನಮ್ಮ ವೃತ್ತದ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಗಣಪತಿ ವಿಸರ್ಜನೆಯ ದಿನ ವಾಕರ್ ಹಿಡಿದ ಅಜ್ಜಿ ಹೇಗೆ ಬಂದಾರು? ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಹಲಗಾ ಹತ್ತಿರ ಪ್ರತಿಭಟನೆ, ಟ್ರಾಫಿಕ್. ಕಿತ್ತೂರು, ಹಿರೇಬಾಗೇವಾಡಿ ಕಡೆಯವರು ಹೆದ್ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಇವನ್ನೆಲ್ಲ ವರ್ಷದ ಶುರುವಿನಲ್ಲೇ ಶೀಟ್‌ನಲ್ಲಿ ಕೆಂಪು ಮಾಡಿಟ್ಟು, ಆ ದಿನಗಳಲ್ಲಿ ದೂರದವರಿಗೆ ಸಮಯವನ್ನೇ ಕೊಡುವುದಿಲ್ಲ.

ಮೇಲ್‌ನಿಂದ ಬಗೆಹರಿಯದ ಒಂದು ಸಮಸ್ಯೆ ಹಾಗೇ ಉಳಿದಿದೆ. ನೋವು ಕಡಿಮೆಯಾದ ಕೂಡಲೇ ನಿಂತುಬಿಡುವವರು. "ಕರೆಂಟ್ ಹಚ್ಚಿದ್ರಲ್ರೀ, ಆರಾಮ್ ಆತು" ಅಂತ ನಾಲ್ಕನೇ ಸಿಟ್ಟಿಂಗ್‌ಗೇ ನಾಪತ್ತೆ. ಇವರು ಮರೆತಿಲ್ಲ, ನೆನಪಿಸಿ ಏನು ಮಾಡುವುದು? ಇವರಿಗೆ ಮೊದಲ ದಿನವೇ ಹೇಳಬೇಕು: ನೋವು ಹೋಗುವುದು ಅರ್ಧ ಕೆಲಸ, ಸ್ನಾಯುವಿಗೆ ಬಲ ಬರುವುದು ಇನ್ನರ್ಧ. ಮಕ್ಕಳ ಮುಂದೆ ಹೇಳಿದರೆ ಇನ್ನೂ ಒಳ್ಳೆಯದು, ವಿಡಿಯೋ ಕಾಲ್‌ನಲ್ಲಾದರೂ ಸರಿ.

ಖಾಲಿಯಾದ ಹೊತ್ತನ್ನು ತುಂಬಲು ಬೇರೆ ಪಟ್ಟಿ ಇದೆ. ಟಿಳಕವಾಡಿಯ ಮೂರೂ ರೈಲ್ವೆ ಗೇಟಿನ ಆಸುಪಾಸು ಇರುವವರು, ಅರ್ಧ ಗಂಟೆಯಲ್ಲಿ ಬರಬಲ್ಲವರು, "ಯಾವಾಗ ಕರೆದರೂ ಬರ್ತೀನ್ರಿ" ಅಂದವರು. "ಬರಲ್ಲ" ಅನ್ನುವ ಉತ್ತರ ಶೀಟ್‌ಗೆ ಬಿದ್ದ ತಕ್ಷಣ ರಿಸೆಪ್ಷನ್ ಹುಡುಗಿ ಅವರಿಗೆ ಫೋನ್ ಮಾಡುತ್ತಾಳೆ. ಈ ಕೆಲಸಕ್ಕೂ ಮೇಲ್ ಹಾಕೋಣವಾ ಅಂತ ಈಗ ಅವಳೇ ಕೇಳುತ್ತಿದ್ದಾಳೆ. ಬೇಡ ಅಂದಿದ್ದೇನೆ. ಅರ್ಧ ಗಂಟೆಯಲ್ಲಿ ಬರಬೇಕಾದವರಿಗೆ ಫೋನೇ ಸರಿ.